ಕುಂತಿ ಬೆಟ್ಟಕ್ಕೆ ಒಂದು ದಿನದ ಚಾರಣ: ಸಿದ್ಧತೆಯಿಂದ ಇಳಿಯುವವರೆಗೆ

ಪಾಂಡವಪುರದ ಕಡೆಯಿಂದ ಕುಂತಿ ಬೆಟ್ಟವನ್ನು ಮೊದಲ ಬಾರಿಗೆ ನೋಡಿದವರಿಗೆ ಅದು ಅರ್ಧ ಗಂಟೆಯಲ್ಲಿ ಹತ್ತಿ ಮುಗಿಸಬಹುದಾದ ಗುಡ್ಡವೆಂದು ಅನಿಸುವುದು ಸಹಜ. ಸಮುದ್ರಮಟ್ಟದಿಂದ ಅದರ ಎತ್ತರ ಸುಮಾರು 2,880 ಅಡಿ. ಬುಡದ ಬಯಲೇ 2,300 ಅಡಿಗಿಂತ ಮೇಲಿರುವುದರಿಂದ ನಾವು ನಿಜವಾಗಿ ಏರಬೇಕಾದ ಎತ್ತರ ಐನೂರರಿಂದ ಆರುನೂರು ಅಡಿ. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರು ಇದಕ್ಕಿಂತ ಹೆಚ್ಚೇ ಏರುತ್ತಾರೆ. ಆದರೂ ಮೆಟ್ಟಿಲು ಹತ್ತಿ ಅಭ್ಯಾಸವಿರುವ ಗಟ್ಟಿ ಕಾಲಿನವರು ಕೂಡ ಇಲ್ಲಿ ನಡುದಾರಿಯಲ್ಲಿ ಬಂಡೆಗೆ ಅಂಟಿಕೊಂಡು ನಿಂತುಬಿಡುವುದನ್ನು ನೋಡುತ್ತೇವೆ. ಕಾರಣ ಸರಳವಾಗಿದೆ: ಕುಂತಿ ಬೆಟ್ಟದಲ್ಲಿ ಎತ್ತರದ ಲೆಕ್ಕ ನಡೆಯುವುದಿಲ್ಲ, ಬಂಡೆಯ ಲೆಕ್ಕ ನಡೆಯುತ್ತದೆ. ಬಂಡೆ ಒಣಗಿದೆಯೇ, ತೇವವಾಗಿದೆಯೇ, ಎಷ್ಟು ಕಾದಿದೆ ಎಂಬುದರ ಮೇಲೆ ಇಡೀ ದಿನದ ಯೋಜನೆ ನಿಂತಿರುತ್ತದೆ. ಇಬ್ಬನಿ ಆರಿದ ಮೇಲೆ ಹತ್ತುವುದು, ಬಂಡೆ ಕಾಯುವ ಮೊದಲು ಇಳಿಯುವುದು. ಮುಂದಿನ ಎಲ್ಲ ಸೂಚನೆಗಳೂ ಈ ಎರಡು ಮಾತುಗಳ ವಿವರಣೆಯೇ ಆಗಿವೆ.

ಬೆಟ್ಟವನ್ನು ಮೊದಲು ತಿಳಿದುಕೊಳ್ಳಿ

ಮಂಡ್ಯ ಜಿಲ್ಲೆಯ ಪಾಂಡವಪುರಕ್ಕೆ ಹಿಂದೆ ಹಿರೋಡೆ ಎಂಬ ಹೆಸರಿತ್ತು. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಇಲ್ಲಿ ಬೀಡುಬಿಟ್ಟಿದ್ದರಿಂದ ಬ್ರಿಟಿಷರ ಕಾಲದಲ್ಲಿ ಇದನ್ನು ಫ್ರೆಂಚ್ ರಾಕ್ಸ್ ಎಂದು ಕರೆಯುತ್ತಿದ್ದರು. ಆ ಹೆಸರಿನಲ್ಲಿರುವ ಬಂಡೆಗಳು ನಾವು ಹತ್ತಲಿರುವ ಈ ಬೆಟ್ಟದವೇ. ವನವಾಸದ ಕಾಲದಲ್ಲಿ ಪಾಂಡವರು ತಾಯಿ ಕುಂತಿಯೊಡನೆ ಇಲ್ಲಿ ತಂಗಿದ್ದರೆಂಬುದು ಸ್ಥಳೀಯರ ನಂಬಿಕೆ. ಊರಿನ ಈಗಿನ ಹೆಸರು, ಬೆಟ್ಟದ ಹೆಸರು ಎರಡೂ ಆ ನಂಬಿಕೆಯ ಜೊತೆಗೇ ಬೆಳೆದಿವೆ. ಬುಡದಲ್ಲಿ ದೇವಸ್ಥಾನ ಮತ್ತು ಕೊಳ ಇವೆ. ಸುತ್ತಮುತ್ತಲಿನವರಿಗೆ ಇದು ಮೊದಲಿಗೆ ಪೂಜೆಯ ಸ್ಥಳ, ಆಮೇಲೆ ಚಾರಣದ ಸ್ಥಳ ಎಂಬುದನ್ನು ಹೊರಗಿನಿಂದ ಬರುವವರು ನೆನಪಿನಲ್ಲಿಡಬೇಕು.

ಹತ್ತುವ ದಾರಿಯಲ್ಲಿ ಮೂರು ಬಗೆಯ ನೆಲ ಸಿಗುತ್ತದೆ. ಕೆಳಭಾಗದಲ್ಲಿ ಲಂಟಾನ ಮತ್ತು ಕುರುಚಲು ಗಿಡಗಳ ನಡುವಿನ ಮಣ್ಣಿನ ಕಾಲುದಾರಿ, ನಡುವೆ ಒಂದರ ಮೇಲೊಂದು ಬಿದ್ದಿರುವ ದೊಡ್ಡ ಗುಂಡುಕಲ್ಲುಗಳು, ಮೇಲ್ಭಾಗದಲ್ಲಿ ನೆರಳೇ ಇಲ್ಲದ ಹಾಸುಬಂಡೆ. ಮೊದಲ ಭಾಗದಲ್ಲಿ ಉಸಿರಿಗೆ ಕೆಲಸ, ಎರಡನೆಯದರಲ್ಲಿ ಕೈಗಳಿಗೂ ಕೆಲಸ, ಮೂರನೆಯದರಲ್ಲಿ ಧೈರ್ಯಕ್ಕೆ ಕೆಲಸ. ನಿಧಾನವಾಗಿ ನಡೆದರೂ ಹತ್ತಲು ಒಂದೂವರೆ ಗಂಟೆ, ಇಳಿಯಲು ಹೆಚ್ಚೂಕಡಿಮೆ ಅಷ್ಟೇ ಸಮಯ ಇಟ್ಟುಕೊಂಡರೆ ಯಾರೂ ಅವಸರಪಡಬೇಕಾಗುವುದಿಲ್ಲ.

ಯಾವ ತಿಂಗಳು, ಯಾವ ದಿನ

ನವೆಂಬರ್ ನಡುವಿನಿಂದ ಫೆಬ್ರವರಿ ಮೊದಲ ವಾರಗಳವರೆಗಿನ ಕಾಲ ಅತ್ಯುತ್ತಮ. ಗಾಳಿ ಒಣಗಿರುತ್ತದೆ, ಗದ್ದೆಗಳು ಇನ್ನೂ ಹಸಿರಾಗಿರುತ್ತವೆ, ದೂರದ ಬೆಟ್ಟಗಳ ಅಂಚು ಸ್ಪಷ್ಟವಾಗಿ ಕಾಣುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಭಾಗದಲ್ಲಿ ಮಲೆನಾಡಿನಂತೆ ಎಡೆಬಿಡದ ಮಳೆ ಇಲ್ಲದಿದ್ದರೂ ಸಣ್ಣ ತುಂತುರು ಸಾಕು, ಹಾಸುಬಂಡೆ ಜಾರುತ್ತದೆ. ಅಕ್ಟೋಬರ್‌ನಲ್ಲಿ ಚಿತ್ತೆ, ಸ್ವಾತಿ ಮಳೆಗಳ ಹೊತ್ತಿಗೆ ಮತ್ತು ಏಪ್ರಿಲ್, ಮೇ ತಿಂಗಳಲ್ಲಿ ಅಶ್ವಿನಿ, ಭರಣಿ ಮಳೆಗಳ ಹೊತ್ತಿಗೆ ಮಧ್ಯಾಹ್ನದ ನಂತರ ಗುಡುಗು ಮಿಂಚು ಕಟ್ಟಿಕೊಂಡು ಬರುತ್ತದೆ. ಬೋಳು ಬಂಡೆಯ ತುದಿಯಲ್ಲಿ ಸುತ್ತಲಿನ ಎಲ್ಲಕ್ಕಿಂತ ಎತ್ತರದ ವಸ್ತು ನಾವೇ ಆಗಿರುವುದರಿಂದ ಆ ದಿನಗಳಲ್ಲಿ ಹೋಗಲೇಬೇಕೆಂದಿದ್ದರೆ ಬೆಳಗಿನ ಹತ್ತು ಗಂಟೆಯೊಳಗೆ ಕೆಳಗಿಳಿದಿರಬೇಕು. ಮಾರ್ಚ್‌ನಿಂದಾಚೆಗೆ ಬಿಸಿಲೇ ಮುಖ್ಯ ಶತ್ರು.

ಹಿಂದಿನ ರಾತ್ರಿ ಮಳೆ ಬಂದಿದ್ದರೆ ಕುಂತಿ ಬೆಟ್ಟವನ್ನು ಬಿಟ್ಟು ಶ್ರೀರಂಗಪಟ್ಟಣದ ಬಳಿಯ ಕರಿಘಟ್ಟಕ್ಕೆ ಹೋಗುವುದು ಒಳ್ಳೆಯದು. ಅಲ್ಲಿ ಶ್ರೀನಿವಾಸ ದೇವಸ್ಥಾನದವರೆಗೆ ಮೆಟ್ಟಿಲುಗಳೂ ರಸ್ತೆಯೂ ಇವೆ. ಕಾವೇರಿ ಮತ್ತು ಲೋಕಪಾವನಿ ನದಿಗಳ ಬಯಲು ಮೇಲಿನಿಂದ ಚೆನ್ನಾಗಿ ಕಾಣುತ್ತದೆ. ಯೋಜನೆ ಬದಲಿಸಬೇಕಾಗಿ ಬಂದಾಗ ಇಂಥದೊಂದು ಬದಲಿ ಮೊದಲೇ ಮನಸ್ಸಿನಲ್ಲಿದ್ದರೆ ತಂಡದಲ್ಲಿ ವಾದ ಬೆಳೆಯುವುದಿಲ್ಲ.

ಭಾನುವಾರ ಮತ್ತು ಸಾಲು ರಜೆಗಳಲ್ಲಿ ಜನ ಹೆಚ್ಚು. ಗುಂಡುಕಲ್ಲುಗಳ ಸಂದಿಯಲ್ಲಿ ಒಂದು ತಂಡ ಇಳಿಯುತ್ತಿದ್ದರೆ ಇನ್ನೊಂದು ಕಾಯಬೇಕಾಗುತ್ತದೆ, ಮೇಲಿನವರ ಕಾಲಿನಿಂದ ಕಲ್ಲು ಉರುಳುವ ಭಯವೂ ಇರುತ್ತದೆ. ವಾರದ ನಡುವೆ ಒಂದು ದಿನ ಬಿಡುವು ಮಾಡಿಕೊಳ್ಳಲು ಸಾಧ್ಯವಾದವರು ಅದನ್ನೇ ಆರಿಸಿಕೊಳ್ಳಬೇಕು.

ಚಾರಣದ ಅನುಮತಿ, ಪ್ರವೇಶದ ಸಮಯ, ಶುಲ್ಕ ಇವುಗಳ ನಿಯಮ ಕಾಲಕಾಲಕ್ಕೆ ಬದಲಾಗುತ್ತಿರುತ್ತದೆ. ರಾಜ್ಯದ ಹಲವು ಚಾರಣದ ದಾರಿಗಳಿಗೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿದೆ. ಹೊರಡುವ ಎರಡು ಮೂರು ದಿನ ಮೊದಲು ಇಲಾಖೆಯ ಜಾಲತಾಣವನ್ನು ನೋಡಿ, ಪಾಂಡವಪುರದಲ್ಲಿ ಪರಿಚಯದವರಿದ್ದರೆ ಅವರನ್ನೂ ವಿಚಾರಿಸಿ. ರಾತ್ರಿ ಹತ್ತಿ ತುದಿಯಲ್ಲಿ ಸೂರ್ಯೋದಯ ನೋಡುವ ಚಾರಣಗಳ ಬಗ್ಗೆ ಬಹಳ ಮಾತು ಕೇಳಿಬರುತ್ತದೆ. ನನ್ನ ಸಲಹೆ ಸ್ಪಷ್ಟವಾಗಿದೆ: ಅದನ್ನು ಮಾಡಬೇಡಿ. ಮಂಡ್ಯ, ಮೈಸೂರು ಜಿಲ್ಲೆಗಳ ಕಬ್ಬಿನ ಗದ್ದೆಗಳೂ ಕಲ್ಲುಗುಡ್ಡಗಳೂ ಚಿರತೆಗಳು ಓಡಾಡುವ ಜಾಗಗಳು. ಇಬ್ಬನಿಯಿಂದ ಒದ್ದೆಯಾದ ಬಂಡೆಯನ್ನು ಟಾರ್ಚ್ ಬೆಳಕಿನಲ್ಲಿ ಹತ್ತುವುದು ಅದಕ್ಕಿಂತಲೂ ಅಪಾಯಕಾರಿ. ಬುಡದಲ್ಲಿ ಬೆಳಕು ಮೂಡಿದ ಮೇಲೆ ಹೊರಟವರಿಗೆ ಹಾಸುಬಂಡೆ ತಲುಪುವ ಹೊತ್ತಿಗೆ ಎಳೆಬಿಸಿಲು ಬಯಲಿನ ಮೇಲೆ ಹರಡುವುದು ಕಾಣುತ್ತದೆ. ಸೌಂದರ್ಯದಲ್ಲಿ ಅದು ಯಾವ ಸೂರ್ಯೋದಯಕ್ಕೂ ಕಡಿಮೆಯಿಲ್ಲ.

ಕಾಲುಗಳ ಸಿದ್ಧತೆ

ಮೈಸೂರಿನವರಿಗೆ ಅಭ್ಯಾಸದ ಅಂಗಳ ಮನೆಯ ಹತ್ತಿರದಲ್ಲೇ ಇದೆ. ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ, ಅಂದರೆ ಹದಿನೇಳನೆಯ ಶತಮಾನದಲ್ಲಿ ಕಟ್ಟಿಸಿದ ಚಾಮುಂಡಿ ಬೆಟ್ಟದ ಸುಮಾರು ಸಾವಿರ ಮೆಟ್ಟಿಲುಗಳನ್ನು ಮೂರು ನಾಲ್ಕು ವಾರಗಳ ಕಾಲ ವಾರಕ್ಕೆ ಎರಡು ಬಾರಿ ಹತ್ತಿದರೆ ಸಾಕು. ನಂದಿಯವರೆಗೆ ಕುಳಿತುಕೊಳ್ಳದೆ ಹೋಗಿ, ಅಲ್ಲಿ ಎರಡು ನಿಮಿಷ ನಿಂತು, ಜೊತೆಯವರೊಡನೆ ಏದುಸಿರಿಲ್ಲದೆ ಮಾತನಾಡಲು ಆಗುತ್ತದೆಯೇ ನೋಡಿಕೊಳ್ಳಿ. ಆಗುತ್ತದೆ ಎಂದಾದರೆ ಕುಂತಿ ಬೆಟ್ಟಕ್ಕೆ ಬೇಕಾದ ಉಸಿರು ನಿಮ್ಮಲ್ಲಿದೆ. ಹೆಚ್ಚಿನವರು ಮೆಟ್ಟಿಲು ಹತ್ತಿ ಬಸ್ಸಿನಲ್ಲಿ ಇಳಿದುಬಿಡುತ್ತಾರೆ. ಈ ಅಭ್ಯಾಸಕ್ಕೆ ಅದು ಸಲ್ಲದು. ಮೊಣಕಾಲಿನ ಮೇಲಿನ ಸ್ನಾಯುಗಳು ಗಟ್ಟಿಯಾಗುವುದು ಇಳಿಯುವಾಗ, ನಮಗೆ ಬೇಕಾಗಿರುವುದೂ ಆ ಗಟ್ಟಿತನವೇ.

ಹೃದಯದ ತೊಂದರೆ, ತಲೆಸುತ್ತು, ಹಳೆಯ ಮೊಣಕಾಲು ನೋವು ಇರುವವರು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ಮಕ್ಕಳನ್ನು ಕರೆದೊಯ್ಯುವುದಾದರೆ ಒಂದು ಮಗುವಿಗೆ ಒಬ್ಬ ದೊಡ್ಡವರು ಎಂಬ ಲೆಕ್ಕವಿರಲಿ. ಹೆಗಲ ಮೇಲೆ ಹೊತ್ತು ಹತ್ತಿಸಬೇಕಾದಷ್ಟು ಚಿಕ್ಕ ಮಕ್ಕಳಿಗೆ ಗುಂಡುಕಲ್ಲಿನ ಈ ದಾರಿ ಹೇಳಿಸಿದ್ದಲ್ಲ.

ಚೀಲದಲ್ಲಿ ಏನಿರಬೇಕು

ನೀರಿನಿಂದ ಆರಂಭಿಸೋಣ. ದಾರಿಯಲ್ಲಿ ಕುಡಿಯಲು ಯೋಗ್ಯವಾದ ನೀರು ಸಿಗುತ್ತದೆಂದು ನಂಬಿಕೊಳ್ಳಬೇಡಿ. ತಲೆಗೆ ಎರಡು ಲೀಟರ್, ಫೆಬ್ರವರಿಯ ನಂತರ ಎರಡೂವರೆ ಲೀಟರ್ ಹೊತ್ತುಕೊಳ್ಳಿ. ಒಂದೇ ದೊಡ್ಡ ಬಾಟಲಿಗಿಂತ ಎರಡು ಚಿಕ್ಕ ಬಾಟಲಿಗಳು ವಾಸಿ. ಒಂದು ಕೈತಪ್ಪಿ ಉರುಳಿಹೋದರೂ ಇನ್ನೊಂದು ಉಳಿದಿರುತ್ತದೆ. ಓಆರ್‌ಎಸ್ ಪೊಟ್ಟಣ ಎರಡು ಇರಲಿ. ತಿನ್ನಲು ಪುಳಿಯೋಗರೆ ಅಥವಾ ಚಪಾತಿ, ಬಾಳೆಹಣ್ಣು, ಸೌತೆಕಾಯಿ, ಹುರಿದ ಕಡಲೆಕಾಯಿ, ಒಂದು ತುಂಡು ಬೆಲ್ಲ. ಮೊಸರನ್ನ ಬಿಸಿಲಿಗೆ ಹುಳಿಯುವುದರಿಂದ ಅದನ್ನು ಕೆಳಗೆ ವಾಹನದಲ್ಲೇ ಬಿಡಿ.

ಪಾದರಕ್ಷೆಯ ವಿಷಯದಲ್ಲಿ ಮಾತ್ರ ರಾಜಿ ಬೇಡ. ಅಡಿಭಾಗದ ರಬ್ಬರ್ ಮೆದುವಾಗಿ, ಹಲ್ಲುಗಳು ಸವೆಯದೆ, ಬೆರಳಿನಿಂದ ಒತ್ತಿದರೆ ಸ್ವಲ್ಪ ಬಗ್ಗುವಂತಿರಬೇಕು. ಹೊಸ ಶೂಗಳನ್ನು ಆ ದಿನವೇ ಮೊದಲ ಬಾರಿ ಧರಿಸಿದರೆ ಹಿಮ್ಮಡಿಯಲ್ಲಿ ಗುಳ್ಳೆ ಏಳುತ್ತದೆ. ಚಾಮುಂಡಿ ಬೆಟ್ಟದ ಅಭ್ಯಾಸದಲ್ಲೇ ಅವನ್ನು ಕಾಲಿಗೆ ಒಗ್ಗಿಸಿಕೊಳ್ಳಿ. ಎರಡು ದಿನ ಮೊದಲು ಕಾಲಿನ ಉಗುರು ಕತ್ತರಿಸಿಕೊಳ್ಳುವುದು ಚಿಕ್ಕ ವಿಷಯದಂತೆ ಕಂಡರೂ ಇಳಿಯುವಾಗ ಪ್ರತಿ ಹೆಜ್ಜೆಗೂ ಹೆಬ್ಬೆರಳು ಶೂವಿನ ಮುಂಭಾಗಕ್ಕೆ ಬಡಿಯುವುದನ್ನು ಅನುಭವಿಸಿದವರಿಗೆ ಅದರ ಬೆಲೆ ಗೊತ್ತು. ತುಂಬುತೋಳಿನ ಹತ್ತಿ ಅಂಗಿ, ಬಗ್ಗಿದಾಗ ಹಿಡಿಯದ ಸಡಿಲ ಪ್ಯಾಂಟು, ಟೋಪಿ, ಒಂದು ದೊಡ್ಡ ಟವೆಲ್ ಇರಲಿ. ಟವೆಲ್ ಬೆವರಿಗೂ ಆಗುತ್ತದೆ, ಜೇನು ಎದ್ದರೆ ಮುಖ ಮುಚ್ಚಿಕೊಳ್ಳಲೂ ಆಗುತ್ತದೆ.

ಕ್ರೇಪ್ ಬ್ಯಾಂಡೇಜ್, ಅಂಟುಪಟ್ಟಿ, ಗಾಯ ತೊಳೆಯುವ ಔಷಧ, ನಿತ್ಯ ಸೇವಿಸುವ ಮಾತ್ರೆಗಳು, ಸೀಟಿ, ಸಣ್ಣ ಟಾರ್ಚ್, ಪೂರ್ತಿ ಚಾರ್ಜ್ ಮಾಡಿದ ಮೊಬೈಲ್, ಕಸಕ್ಕೊಂದು ಚೀಲ. ಎಲ್ಲವೂ ಬೆನ್ನಿನ ಚೀಲದಲ್ಲೇ ಹಿಡಿಸಬೇಕು, ಏಕೆಂದರೆ ಗುಂಡುಕಲ್ಲುಗಳ ನಡುವೆ ಎರಡು ಕೈಗಳೂ ಖಾಲಿ ಇರಬೇಕು.

ಮೈಸೂರಿನಿಂದ ಬೆಟ್ಟದ ಬುಡಕ್ಕೆ

ಮೈಸೂರಿನಿಂದ ಶ್ರೀರಂಗಪಟ್ಟಣದ ಮಾರ್ಗವಾಗಿ ಪಾಂಡವಪುರಕ್ಕೆ ಮೂವತ್ತು ಕಿಲೋಮೀಟರಿನೊಳಗಿನ ದೂರ, ಅಲ್ಲಿಂದ ಬೆಟ್ಟದ ಬುಡಕ್ಕೆ ಕೆಲವೇ ಕಿಲೋಮೀಟರು. ಗ್ರಾಮಾಂತರ ಬಸ್ ನಿಲ್ದಾಣದಿಂದ ಕೆಎಸ್‌ಆರ್‌ಟಿಸಿ ಬಸ್ಸುಗಳಿವೆ. ಪಾಂಡವಪುರದಲ್ಲಿ ಇಳಿದು ಆಟೋ ಹಿಡಿದರೆ ಬುಡಕ್ಕೆ ಬಿಡುತ್ತಾರೆ. ಹಿಂದಿರುಗಲು ಅದೇ ಆಟೋದವರಿಗೆ ಸಮಯ ಹೇಳಿ, ಫೋನ್ ನಂಬರ್ ಪಡೆದುಕೊಳ್ಳಿ. ರೈಲಿನಲ್ಲಿ ಬರುವವರು ಪಾಂಡವಪುರದ ನಿಲ್ದಾಣ ಊರಿನಿಂದ ದೂರದಲ್ಲಿದೆ ಎಂಬುದನ್ನು ಗಮನಿಸಬೇಕು.

ಬೈಕಿನಲ್ಲಿ ಬರುವವರಿಗೆ ಒಂದು ಮಾತು. 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಗಳಲ್ಲಿ ದ್ವಿಚಕ್ರ ವಾಹನ ಮತ್ತು ಆಟೋಗಳಿಗೆ ಪ್ರವೇಶವಿಲ್ಲ. ಸರ್ವೀಸ್ ರಸ್ತೆಯಲ್ಲೇ ಬರಬೇಕು, ಅದಕ್ಕೆ ತಕ್ಕಂತೆ ಕಾಲು ಗಂಟೆ ಮೊದಲು ಹೊರಡಬೇಕು.

ಡಿಸೆಂಬರ್, ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಸುಮಾರು ಆರೂವರೆಯಿಂದ ಆರೂಮುಕ್ಕಾಲರ ನಡುವೆ. ಸ್ವಂತ ವಾಹನವಿದ್ದರೆ ಮೈಸೂರನ್ನು ಐದೂಕಾಲಕ್ಕೆ ಬಿಟ್ಟು, ಆರೂಕಾಲಕ್ಕೆ ಬುಡ ತಲುಪಿ, ಕೊಳದ ಬಳಿ ಕೈಕಾಲು ಸಡಿಲಿಸಿಕೊಂಡು, ಕಾಲಡಿಯ ನೆಲ ಟಾರ್ಚ್ ಇಲ್ಲದೆ ಕಾಣುವ ಹೊತ್ತಿಗೆ ಹೊರಡಿ. ಎಂಟು ಗಂಟೆಯ ಸುಮಾರಿಗೆ ತುದಿ, ಒಂಬತ್ತೂಕಾಲಕ್ಕೆ ಅಲ್ಲಿಂದ ಇಳಿಯಲು ಆರಂಭ, ಹನ್ನೊಂದರೊಳಗೆ ಬುಡ. ಬಸ್ಸಿನಲ್ಲಿ ಬರುವವರಿಗೆ ಇದೆಲ್ಲ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ಚಳಿಗಾಲದಲ್ಲಿ ಅದರಿಂದ ತೊಂದರೆಯಿಲ್ಲ. ಹೊರಡುವ ಮೊದಲು ಮನೆಯಲ್ಲಿ ಒಬ್ಬರಿಗೆ ಎಲ್ಲಿಗೆ, ಯಾರೊಂದಿಗೆ, ಎಷ್ಟು ಹೊತ್ತಿಗೆ ಇಳಿದು ಫೋನ್ ಮಾಡುತ್ತೇವೆ ಎಂದು ತಿಳಿಸಿರಬೇಕು.

ಹತ್ತುವಾಗ

ನಾಲ್ಕರಿಂದ ಆರು ಜನರ ತಂಡ ಅನುಕೂಲಕರ. ದಾರಿ ಗೊತ್ತಿರುವವರು ಮುಂದೆ, ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಅವರ ಬೆನ್ನಿಗೆ, ಗಟ್ಟಿಗರೊಬ್ಬರು ಕೊನೆಯಲ್ಲಿ. ನಿಧಾನದವರನ್ನು ಕೊನೆಗೆ ಬಿಟ್ಟರೆ ಮುಂದಿನವರು ನಿಂತು ದಣಿವಾರಿಸಿಕೊಳ್ಳುತ್ತಾರೆ. ಹಿಂದಿನವರು ತಲುಪಿದ ಕೂಡಲೇ ಎಲ್ಲರೂ ಎದ್ದು ಹೊರಡುವುದರಿಂದ, ವಿಶ್ರಾಂತಿ ಬೇಕಾದವರಿಗೇ ವಿಶ್ರಾಂತಿ ಸಿಗುವುದಿಲ್ಲ.

ಮೊದಲ ಇಪ್ಪತ್ತು ನಿಮಿಷ ಬೇಕೆಂದೇ ನಿಧಾನವಾಗಿ ನಡೆಯಿರಿ. ಪೊದೆಗಳ ನಡುವೆ ಕಾಲುದಾರಿಗಳು ಕವಲೊಡೆಯುತ್ತವೆ. ಮೇಕೆಗಳು ಮಾಡಿಕೊಂಡ ಸೀಳುದಾರಿಗಳೂ ಅವುಗಳಲ್ಲಿ ಸೇರಿರುತ್ತವೆ. ಅನುಮಾನ ಬಂದಲ್ಲಿ ಹೆಚ್ಚು ಸವೆದ ದಾರಿಯನ್ನೇ ಹಿಡಿಯಿರಿ, ಬಂಡೆಯ ಮೇಲೆ ಬಾಣದ ಗುರುತು ಕಂಡರೆ ಅದರ ಮುಂದಿನ ಗುರುತು ಕಾಣುವವರೆಗೆ ಹಿಂದಿನದನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳಿ. ಪ್ರತಿ ಕವಲಿನಲ್ಲೂ ಒಮ್ಮೆ ಹಿಂದಿರುಗಿ ನೋಡಿ ಒಂದು ಫೋಟೋ ತೆಗೆದುಕೊಳ್ಳುವುದು ಒಳ್ಳೆಯ ಅಭ್ಯಾಸ. ಇಳಿಯುವಾಗ ಕಾಣುವ ನೋಟ ಅದೇ ಆಗಿರುತ್ತದೆ. ಹತ್ತುವಾಗ ಕಂಡ ಗುರುತುಗಳು ಆಗ ಬೆನ್ನ ಹಿಂದೆ ಇರುತ್ತವೆ.

ಗುಂಡುಕಲ್ಲುಗಳ ಭಾಗದಲ್ಲಿ ಎರಡು ಕೈ, ಎರಡು ಕಾಲು ಈ ನಾಲ್ಕರಲ್ಲಿ ಮೂರು ಯಾವಾಗಲೂ ಬಂಡೆಯನ್ನು ಹಿಡಿದಿರಬೇಕು. ಒಂದನ್ನು ಮಾತ್ರ ಒಮ್ಮೆಗೆ ಕದಲಿಸಬೇಕು. ಕಾಣದ ಸಂದಿಗೆ ಕೈ ಹಾಕಬೇಡಿ. ಬೆಳಗಿನ ಚಳಿಗೆ ಹಾವು, ಚೇಳುಗಳು ಅಲ್ಲೇ ಇರುತ್ತವೆ. ಕೋಲಿನಿಂದ ತಟ್ಟಿ ಸದ್ದು ಮಾಡಿ, ನೋಡಿ, ಆಮೇಲೆ ಹಿಡಿಯಿರಿ. ಗಿಡದ ಕೊಂಬೆಯನ್ನು ನಂಬಿ ಭಾರ ಹಾಕುವುದೂ ಬೇಡ, ಬಂಡೆಯ ಬಿರುಕಿನ ಬೊಗಸೆ ಮಣ್ಣಿನಲ್ಲಿ ಬೇರಿಳಿಸಿದ ಗಿಡ ಒಂದೇ ಎಳೆತಕ್ಕೆ ಕಿತ್ತುಬರುತ್ತದೆ.

ಆಮೇಲೆ ಹಾಸುಬಂಡೆ. ಇಲ್ಲಿ ಕೆಲವು ನಿಮಿಷ ನಿಂತು ಬಂಡೆಯನ್ನು ಹತ್ತಿರದಿಂದ ನೋಡುವುದು ಅವಶ್ಯ, ಏಕೆಂದರೆ ಎಲ್ಲಿ ಕಾಲಿಡಬೇಕೆಂಬುದನ್ನು ಅದೇ ಹೇಳುತ್ತದೆ. ಬೂದು, ತಿಳಿಹಸಿರು ಬಣ್ಣದ ಕಲ್ಲುಹೂವು ಹರಡಿಕೊಂಡ ಕಡೆ ಮೈ ಒರಟಾಗಿರುತ್ತದೆ, ಒಣಗಿದ್ದಾಗ ಶೂ ಚೆನ್ನಾಗಿ ಹಿಡಿಯುತ್ತದೆ. ಮೇಲಿನಿಂದ ಕೆಳಕ್ಕೆ ಇಳಿಬಿದ್ದಿರುವ ಕಪ್ಪು ಪಟ್ಟೆಗಳು ಮಳೆನೀರು ಹರಿಯುವ ಜಾಡು; ಅವುಗಳ ಮೇಲಿನ ತೆಳುವಾದ ಪಾಚಿ ಒಣಗಿದಾಗ ಕಲ್ಲಿನ ಬಣ್ಣದಂತೆಯೇ ಕಂಡರೂ ಸ್ವಲ್ಪ ಇಬ್ಬನಿ ಬಿದ್ದರೆ ಸಾಬೂನಾಗುತ್ತದೆ. ಆ ಪಟ್ಟೆಗಳನ್ನು ದಾಟಬೇಕಾದರೆ ಬೆರಳಿನಿಂದ ಮುಟ್ಟಿ ಒಣಗಿದೆಯೆಂದು ಖಚಿತಪಡಿಸಿಕೊಂಡೇ ದಾಟಿ. ಬಹಳ ಜನ ನಡೆದ ಜಾಡಿನಲ್ಲಿ ಕಲ್ಲುಹೂವು ಸವೆದು ಬಂಡೆ ತಿಳಿಬಣ್ಣಕ್ಕೆ ತಿರುಗಿರುತ್ತದೆ. ದಾರಿ ಸರಿಯಾಗಿದೆಯೆಂಬುದಕ್ಕೆ ಅದು ಸಾಕ್ಷಿ, ಆದರೆ ನುಣುಪಾಗಿರುವುದರಿಂದ ಕಡಿದಾದ ಕಡೆ ಆ ಜಾಡಿಗೆ ಒಂದು ಗೇಣು ಪಕ್ಕದ ಒರಟು ಮೈಯಲ್ಲಿ ನಡೆಯುವುದೇ ಲೇಸು.

ಕೆಲವು ಕಡೆ ಹಿಮ್ಮಡಿಯಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಹಗಲ ಬಿಸಿಲಿಗೆ ಹಿಗ್ಗಿ, ರಾತ್ರಿಯ ತಂಪಿಗೆ ಕುಗ್ಗಿ, ಇಂಥ ಬಂಡೆಗಳ ಮೇಲ್ಪದರ ಹಲ್ಲೆಹಲ್ಲೆಯಾಗಿ ಎದ್ದುಬರುತ್ತದೆ. ಅಂಥ ಹಲ್ಲೆಯ ಅಂಚಿನ ಮೇಲೆ ಕಾಲಿಡಬೇಡಿ, ಅಂಚನ್ನು ಹಿಡಿದು ಮೇಲೇರಲೂ ಬೇಡಿ. ಹೀಗೆ ಉದುರಿದ ಪುಡಿಯೇ ಕೆಳಗಿನ ಬಂಡೆಯ ಮೇಲೆ ಗರಸಾಗಿ ಹರಡಿರುತ್ತದೆ. ನುಣುಪು ನೆಲದ ಮೇಲೆ ಚೆಲ್ಲಿದ ರಾಗಿಯನ್ನು ತುಳಿದಂತೆ ಅದು ಕಾಲನ್ನು ಜಾರಿಸುತ್ತದೆ. ನೇರ ಏರುವ ಬದಲು ಅಡ್ಡಡ್ಡವಾಗಿ ಓರೆಯಲ್ಲಿ ಹತ್ತಿ, ಪಾದವಿಡೀ ಬಂಡೆಗೆ ತಾಗುವಂತೆ ಇಡಿ, ದೇಹದ ಭಾರ ಪಾದದ ನೇರಕ್ಕಿರಲಿ. ಭಯವಾದಾಗ ಬಂಡೆಯ ಕಡೆಗೆ ಬಾಗಿ ಅದನ್ನು ಅಪ್ಪಿಕೊಳ್ಳಬೇಕೆನಿಸುತ್ತದೆ, ಆದರೆ ಹಾಗೆ ಬಾಗಿದ ಕೂಡಲೇ ಪಾದದ ಹಿಡಿತ ಸಡಿಲವಾಗುತ್ತದೆ.

ಒಂದು ಕಡೆ ನಿಮಗೆ ಹತ್ತಲು ಸಾಧ್ಯವೆನಿಸಿದರೂ ಅದೇ ಜಾಗದಲ್ಲಿ ಇಳಿಯಲಾರೆ ಎನಿಸಿದರೆ ಅಲ್ಲಿ ಹತ್ತಬೇಡಿ. ಬೇರೆ ದಾರಿ ಹುಡುಕಿ, ಸಿಗದಿದ್ದರೆ ಅಲ್ಲಿಯೇ ಕುಳಿತು ತಿಂಡಿ ತಿಂದು ಹಿಂದಿರುಗಿ. ಹಾಸುಬಂಡೆಯ ನಡುವಿನಿಂದಲೂ ಬಯಲಿನ ಬಹುಭಾಗ ಕಾಣುತ್ತದೆ.

ತುದಿಯಲ್ಲಿ

ಮರಗಳಿಲ್ಲದ ತುದಿಯಾದ್ದರಿಂದ ನೋಟಕ್ಕೆ ಅಡ್ಡಿಯೇ ಇಲ್ಲ. ದಿಕ್ಕುಗಳನ್ನು ಗುರುತಿಸಿಕೊಂಡು ನೋಡಿದರೆ ಮಂಡ್ಯ ಜಿಲ್ಲೆಯ ನೀರಾವರಿಯ ಚರಿತ್ರೆಯೇ ಕಣ್ಣ ಮುಂದೆ ಇರುತ್ತದೆ. ನೈಋತ್ಯಕ್ಕೆ, ಮಂಜಿಲ್ಲದ ದಿನ, ಕೃಷ್ಣರಾಜಸಾಗರದ ಹಿನ್ನೀರು ಹೊಳೆಯುತ್ತದೆ. 1911ರಲ್ಲಿ ಕೆಲಸ ಆರಂಭವಾದ ಆ ಅಣೆಕಟ್ಟಿನಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಯ ನೀರಿನಿಂದಲೇ ಈ ಬಯಲಿನ ಭತ್ತ, ಕಬ್ಬು ಬೆಳೆಯುವುದು. ದಕ್ಷಿಣಕ್ಕೆ ಶ್ರೀರಂಗಪಟ್ಟಣ, ಅದರ ಸ್ವಲ್ಪ ಪೂರ್ವಕ್ಕೆ ಕರಿಘಟ್ಟ, ಅವೆಲ್ಲದರ ಹಿಂದೆ ಉದ್ದನೆಯ ಬೆನ್ನಿನ ಚಾಮುಂಡಿ ಬೆಟ್ಟ. ಉತ್ತರಕ್ಕೆ ತಿರುಗಿದರೆ ರಾಮಾನುಜಾಚಾರ್ಯರ ಹೆಸರಿನೊಂದಿಗೆ ಬೆಸೆದುಕೊಂಡಿರುವ ತೊಣ್ಣೂರು ಕೆರೆಯ ಕಡೆ, ಅದರಾಚೆಗೆ ಮೇಲುಕೋಟೆಯ ಬೆಟ್ಟಸಾಲು. ನಾಲೆಯ ನೀರು ತಲುಪಿದ ಹೊಲ ಮತ್ತು ತಲುಪದ ಹೊಲಗಳ ನಡುವಿನ ಗೆರೆ ಜನವರಿಯಲ್ಲಿ ಬಣ್ಣದಲ್ಲೇ ಎದ್ದು ಕಾಣುತ್ತದೆ. ಒಂದು ಕಡೆ ಹಸಿರು, ಇನ್ನೊಂದು ಕಡೆ ಕೊಯ್ಲಾದ ರಾಗಿ ಹೊಲದ ಕಂದು. ಕಬ್ಬು ಕಡಿಯುವ ಕಾಲದಲ್ಲಿ ಆಲೆಮನೆಗಳ ಹೊಗೆ ಅಲ್ಲಲ್ಲಿ ನೇರವಾಗಿ ಏಳುವುದನ್ನೂ ನೋಡಬಹುದು.

ಬಂಡೆಯ ತಗ್ಗುಗಳಲ್ಲಿ ಮಳೆಗಾಲದ ನೀರು ನಿಂತು ದೊಣೆಗಳಾಗಿರುತ್ತವೆ. ಕಪ್ಪೆಮರಿಗಳೂ ನೀರಸಸ್ಯಗಳೂ ಅಷ್ಟೇ ನೀರಿನಲ್ಲಿ ಬದುಕು ಸಾಗಿಸುತ್ತಿರುತ್ತವೆ, ಹಕ್ಕಿಗಳು ಅಲ್ಲಿಯೇ ಕುಡಿಯುತ್ತವೆ. ಅದರಲ್ಲಿ ಕೈ ತೊಳೆಯುವುದು, ತಟ್ಟೆ ಅದ್ದುವುದು ಬೇಡ. ಚಳಿಗಾಲದ ನಂತರ ಒಣಗಿದ ಹುಲ್ಲಿಗೆ ಒಂದು ಕಿಡಿ ಸಾಕಾಗುವುದರಿಂದ ಬೆಂಕಿ, ಬೀಡಿ, ಸಿಗರೇಟು ಖಂಡಿತ ಬೇಡ. ಗಾಜಿನ ಬಾಟಲಿ ತರಲೇಬೇಡಿ: ಇಲ್ಲಿ ಒಡೆದ ಗಾಜು ಬಂಡೆಯ ಸಂದಿ ಸೇರಿದರೆ ಮತ್ತೆ ಯಾರೂ ಹೆಕ್ಕಲಾರರು, ಮೇಯುವ ಮೇಕೆಗಳ ಗೊರಸಿಗೆ ಅದು ವರ್ಷಗಟ್ಟಲೆ ಕಾದಿರುತ್ತದೆ.

ತಿಂಡಿ ತಿಂದು, ಅರ್ಧ ಬಾಟಲಿ ನೀರು ಕುಡಿದು, ಒಂಬತ್ತೂಕಾಲಕ್ಕೆ ಏಳಿ. ಫೋಟೋಗಾಗಿ ಅಂಚಿನ ಕಡೆ ಹಿಮ್ಮುಖವಾಗಿ ನಡೆಯಬೇಡಿ.

ಇಳಿಯುವಾಗ

ಬೀಳುವವರಲ್ಲಿ ಹೆಚ್ಚಿನವರು ಬೀಳುವುದು ಇಳಿಯುವಾಗ. ತುದಿ ಮುಟ್ಟಿದ ಸಂತೋಷಕ್ಕೆ ಗಮನ ಸಡಿಲವಾಗಿರುತ್ತದೆ, ತೊಡೆಗಳು ದಣಿದಿರುತ್ತವೆ, ಬಿಸಿಲು ಏರುತ್ತಿರುತ್ತದೆ. ಹತ್ತು ಗಂಟೆಯ ನಂತರ ಬಂಡೆ ಕೈಗೆ ಬಿಸಿ ತಾಗಲು ಆರಂಭಿಸುತ್ತದೆ. ಹನ್ನೊಂದರ ಮೇಲೆ ಮೇಲಿನಿಂದ ಬೀಳುವ ಬಿಸಿಲಿಗೆ ಕೆಳಗಿನಿಂದ ಏಳುವ ಝಳವೂ ಸೇರುತ್ತದೆ. ಕೈ ಊರಲು ಹಿಂಜರಿಯುವಷ್ಟು ಬಂಡೆ ಕಾದರೆ ಹಿಡಿತದ ಅರ್ಧ ಹೋದಂತೆಯೇ.

ಇಳಿಯುವ ಮೊದಲು ಶೂವಿನ ದಾರವನ್ನು ಕಣಕಾಲಿನ ಬಳಿ ಬಿಗಿಯಾಗಿ ಕಟ್ಟಿಕೊಳ್ಳಿ. ಹೆಜ್ಜೆ ಚಿಕ್ಕದಾಗಿರಲಿ, ಮೊಣಕಾಲು ಸ್ವಲ್ಪ ಬಾಗಿರಲಿ, ಹಿಮ್ಮಡಿಯನ್ನು ಮೊದಲು ಊರದೆ ಪಾದವಿಡೀ ಒಟ್ಟಿಗೆ ಇಡಿ. ಕಡಿದಾದ ಕಡೆ ಪಕ್ಕಕ್ಕೆ ತಿರುಗಿ ಅಡ್ಡ ಹೆಜ್ಜೆ ಹಾಕಿ. ಅದಕ್ಕಿಂತಲೂ ಕಡಿದಾದರೆ ಕುಳಿತುಕೊಂಡು, ಎರಡು ಅಂಗೈಗಳನ್ನು ಪಕ್ಕಕ್ಕೆ ಊರಿ, ಒಂದೊಂದು ಗೇಣು ಸರಿಯಿರಿ. ಪ್ಯಾಂಟು ಸವೆದರೆ ಸವೆಯಲಿ. ಆಳೆತ್ತರದ ಗುಂಡುಕಲ್ಲಿನಿಂದ ಇಳಿಯುವಾಗ ಬಂಡೆಗೆ ಮುಖ ಮಾಡಿ ಇಳಿಯಬೇಕು, ಕೆಳಗಿದ್ದವರು ಕಾಲಿಡುವ ಜಾಗ ಹೇಳಬೇಕು. ಹಾರಬೇಡಿ. ಓಡಲೇಬೇಡಿ.

ಕಾಲಿನಿಂದ ಕಲ್ಲು ಉರುಳಿದರೆ "ಕಲ್ಲು" ಎಂದು ಗಟ್ಟಿಯಾಗಿ ಕೂಗಿ. ಕೆಳಗಿನವರು ತಲೆ ಎತ್ತಿ ನೋಡದೆ ಬಂಡೆಗೆ ಒತ್ತಿಕೊಳ್ಳಬೇಕು. ಈ ಒಂದು ಮಾತನ್ನು ಬುಡದಲ್ಲೇ ಎಲ್ಲರಿಗೂ ಹೇಳಿಕೊಟ್ಟಿರಿ.

ದಾರಿ ತಪ್ಪಿದೆಯೆನಿಸಿದರೆ ಕೆಳಗೆ ಊರು ಕಾಣುತ್ತದೆಂದು ನೇರವಾಗಿ ಇಳಿಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಮೇಲಿನಿಂದ ನೋಡಿದಾಗ ಹಾಸುಬಂಡೆಯ ಇಳಿಜಾರು ಎಲ್ಲಿ ಮುಗಿದು ಕಡಿದಾದ ಗೋಡೆ ಎಲ್ಲಿ ಆರಂಭವಾಗುತ್ತದೆಂಬುದು ಕಾಣುವುದಿಲ್ಲ. ಕೊನೆಯ ಬಾರಿ ಖಚಿತವಾಗಿ ಗುರುತಿಸಿದ ಜಾಗದವರೆಗೆ ಮೇಲಕ್ಕೆ ಹಿಂದಿರುಗಿ, ಹತ್ತುವಾಗ ತೆಗೆದ ಫೋಟೋಗಳನ್ನು ನೋಡಿ.

ತೊಂದರೆ ಎದುರಾದರೆ

ಬಂಡೆಯ ಚಾಚುಗಳ ಕೆಳಗೆ ಹೆಜ್ಜೇನು ಕಟ್ಟಿರುವುದು ಇಂಥ ಬೆಟ್ಟಗಳಲ್ಲಿ ಸಾಮಾನ್ಯ. ಸುಗಂಧ ಹಚ್ಚಿಕೊಂಡು ಬರಬೇಡಿ, ಕಲ್ಲೆಸೆಯಬೇಡಿ, ಕೂಗಾಡಬೇಡಿ. ಎದ್ದುಬಿಟ್ಟರೆ ಕೈಬೀಸದೆ, ಟವೆಲ್‌ನಿಂದ ತಲೆ, ಮುಖ ಮುಚ್ಚಿಕೊಂಡು, ಬೀಳದ ಹಾಗೆ ಬೇಗ ಬೇಗ ದೂರ ಸಾಗಿ. ಮುಳ್ಳುಗಳನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆಯಿರಿ. ಉಸಿರಾಟ ಕಟ್ಟಿದರೆ, ಮುಖ ಊದಿದರೆ, ಹಲವು ಕಡೆ ಕಚ್ಚಿದ್ದರೆ ಆಸ್ಪತ್ರೆಗೆ ಹೋಗಲೇಬೇಕು.

ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಉಂಗುರ, ಕಾಲುಂಗುರ, ಗಡಿಯಾರ ತೆಗೆದು, ಕಚ್ಚಿದ ಅಂಗ ಅಲುಗಾಡದಂತೆ ನೋಡಿಕೊಂಡು, ನಡೆಸದೆ ಹೊತ್ತು ಇಳಿಸಿ, 108ಕ್ಕೆ ಕರೆ ಮಾಡಿ. ವಿಷಕ್ಕೆ ಮದ್ದು ಆಸ್ಪತ್ರೆಯಲ್ಲಿ ಮಾತ್ರ ಇದೆ. ಕಾಲು ಉಳುಕಿದರೆ ಶೂ ತೆಗೆಯದೆ ಅದರ ಮೇಲೆಯೇ ಕ್ರೇಪ್ ಬ್ಯಾಂಡೇಜ್ ಸುತ್ತಿ, ಇಬ್ಬರು ಆಸರೆ ಕೊಟ್ಟು ಇಳಿಸಿ. ಕೆಳಗಿಳಿದ ಮೇಲೆ ಬಿಚ್ಚಿ ತಣ್ಣೀರ ಬಟ್ಟೆ ಹಾಕಬಹುದು. ಬಿಸಿಲಿಗೆ ತಲೆನೋವು, ವಾಕರಿಕೆ, ಕಾಲು ಸೆಳೆತ ಆರಂಭವಾದವರನ್ನು ಮುಂದೆ ನಡೆಸದೆ ಬಂಡೆಯ ನೆರಳಿನಲ್ಲಿ ಕೂರಿಸಿ, ಓಆರ್‌ಎಸ್ ನೀರನ್ನು ಗುಟುಕು ಗುಟುಕಾಗಿ ಕೊಡಿ. ಮಾತು ತೊದಲಿದರೆ, ಗೊಂದಲಗೊಂಡರೆ ಅದು ತುರ್ತು ಸ್ಥಿತಿ: ಮೈಗೆ ನೀರು ಚಿಮುಕಿಸಿ ಗಾಳಿ ಹಾಕುತ್ತಾ ಸಹಾಯಕ್ಕೆ ಕರೆ ಮಾಡಿ.

ಗುಡುಗು ಕೇಳಿಸಿದರೆ ಮಿಂಚಿನಿಂದ ಸದ್ದಿನವರೆಗೆ ಸೆಕೆಂಡು ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ದೂರ. ಮೂವತ್ತಕ್ಕಿಂತ ಕಡಿಮೆ ಎಣಿಕೆ ಬಂದರೆ ತುದಿ ಮತ್ತು ಬೋಳು ಬಂಡೆಯನ್ನು ಕೂಡಲೇ ಬಿಟ್ಟು ಕೆಳಗಿಳಿಯಲು ಆರಂಭಿಸಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ.

ಇಳಿದ ಮೇಲೆ

ಮನೆಗೆ ಫೋನ್ ಮಾಡಿ ತಿಳಿಸಿ. ಪೊದೆಗಳ ನಡುವೆ ಬಂದಿರುವುದರಿಂದ ಪ್ಯಾಂಟಿನ ಅಂಚು, ಕಾಲುಚೀಲಗಳಲ್ಲಿ ಉಣ್ಣೆಹುಳು ಹತ್ತಿದೆಯೇ ನೋಡಿಕೊಳ್ಳಿ. ಸೆಕೆಗೆ ನಾಲೆಯಲ್ಲಿ ಇಳಿದು ಮೀಯುವ ಆಸೆಯಾಗಬಹುದು. ವಿಶ್ವೇಶ್ವರಯ್ಯ ನಾಲೆಯ ಸೆಳವು ಮೇಲ್ನೋಟಕ್ಕೆ ಕಾಣುವುದಕ್ಕಿಂತ ಬಲವಾಗಿದೆ, ಇಳಿಜಾರಾದ ಅದರ ಗೋಡೆಗಳನ್ನು ಹಿಡಿದು ಮೇಲೆ ಬರುವುದು ಈಜು ಬಲ್ಲವರಿಗೂ ಕಷ್ಟ. ಕೊಳಾಯಿ ನೀರಿನಲ್ಲಿ ಮುಖ ತೊಳೆದುಕೊಂಡು ಪಾಂಡವಪುರದಲ್ಲಿ ಊಟ ಮಾಡಿ.

ಮಧ್ಯಾಹ್ನದ ಹೊತ್ತು ಉಳಿದಿದ್ದರೆ ತೊಣ್ಣೂರಿಗೆ ಹೋಗಬಹುದು. ಅಲ್ಲಿನ ನಂಬಿನಾರಾಯಣ ದೇವಸ್ಥಾನದ ಕಲ್ಲಿನ ಮಂಟಪ ದಣಿದ ಕಾಲುಗಳಿಗೆ ತಂಪಾಗಿರುತ್ತದೆ. ಕೆರೆಯ ಏರಿಯ ಮೇಲೆ ನಿಧಾನವಾಗಿ ಅರ್ಧ ಗಂಟೆ ನಡೆದರೆ ತೊಡೆಯ ಬಿಗಿತವೂ ಸಡಿಲವಾಗುತ್ತದೆ. ಮರುದಿನ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ತೊಡೆ ನೋಯುವುದು ಸಹಜ, ಎರಡು ಮೂರು ದಿನಗಳಲ್ಲಿ ಹೋಗುತ್ತದೆ. ಮೊಣಕಾಲಿನ ಕೀಲು ಊದಿಕೊಂಡರೆ ಅಥವಾ ವಾರವಾದರೂ ನೋವು ಇಳಿಯದಿದ್ದರೆ ವೈದ್ಯರಿಗೆ ತೋರಿಸಿ. ದಾರಿಯಲ್ಲಿ ಹೊಸದಾಗಿ ಸಡಿಲಗೊಂಡ ಬಂಡೆ, ಹೊಸ ಜೇನುಗೂಡು, ಅಳಿಸಿಹೋದ ಗುರುತು ಕಂಡಿದ್ದರೆ ಆ ಜಾಗದ ಫೋಟೋದೊಂದಿಗೆ ಅರಣ್ಯ ಸಿಬ್ಬಂದಿಗೂ, ಬುಡದಲ್ಲಿ ಹತ್ತಲು ನಿಂತಿರುವ ತಂಡಕ್ಕೂ ತಿಳಿಸಿ ಹೊರಡಿ.